ಮೊದಲನೆಯವನು

“ಶನಿವಾರ ಆ ಕರಿಯ ಹುಡುಗನ ಕೈಗೆ ಚೆಂಡು ಕೊಟ್ಟರೆ, ಈ ಕಾಲೇಜಿನ ಕಡೆ ನಾನು ತಲೆ ಹಾಕಿಯೂ ಮಲಗೋದಿಲ್ಲ. ತಿಳೀತಾ?” ಲೆಲ್ಯಾಂಡ್ ಪ್ರೂಯಿಟ್ ಫೋನನ್ನು ಕುಕ್ಕಿದ.

ಆ ತುದಿಯಲ್ಲಿದ್ದವನು ಕೋಚ್ ಹಾಲ್ಕಂ. ಪಾಪ, ಅವನಿಗೆ ಅತ್ತ ದರಿ, ಇತ್ತ ಪುಲಿ. ಆ ಕರಿಯ ಹುಡುಗ ಓಡೆಲ್‌ನಂತೆ ಚೆಂಡೆಸೆಯುವವನು ಇಡೀ ಟೆನೆಸೀಯಲ್ಲಿ ಇರಲಿಲ್ಲ. ಆದರೆ ಕ್ರೀಡಾಂಗಣ ಕಟ್ಟಿಸಿಕೊಟ್ಟವನು ಪ್ರೂಯಿಟ್. ತನ್ನ ಕಾಲದಲ್ಲಿ ಅದೇ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಚೆಂಡೆಸೆದು ಆಟ ನಡೆಸುವವನು. ಅಂದರೆ ತಂಡಕ್ಕೇ ಯಜಮಾನ. ಉಳಿದ ಹತ್ತು ಜನ ಅವನು ಹೇಳಿದ ಕಡೆ ಓಡಬೇಕು. ಬಿಳಿಯರ ಮಕ್ಕಳು ಕರಿಯನ ಮಾತು ಕೇಳಿ ಓಡುವುದುಂಟೇ? ಕರಿಯರಿಗೆ ಕಾಲಿದೆ, ಓಡಲಿ; ತಲೆಯ ಕೆಲಸ ಅವರದಲ್ಲ ಎಂದು ಕ್ಲಬ್ಬಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವನೂ ಪ್ರೂಯಿಟ್ಟನೇ.

ಅವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಭ್ಯಾಸದ ದಿನ. ಹಳೆಯ ಗೆಳೆಯರು ಬೇಲಿಗೊರಗಿ ನೋಡುತ್ತಿದ್ದರು.

“ಲೆಲ್ಯಾಂಡ್, ಈ ಹುಡುಗ ಥೇಟ್ ನಿನ್ನ ಹಾಗೇ ಎಸೀತಾನಲ್ಲೋ. ಮಣಿಕಟ್ಟು ತಿರುಗಿಸೋದೂ ಹಾಗೇ. ಇನ್ನು ನಿನ್ನ ಹೆಸರು ಅಳಿಸಿಹೋದ ಹಾಗೇ ಬಿಡು.”

ಎಲ್ಲರೂ ನಕ್ಕರು. ಅಂದಿನಿಂದ ಪ್ರೂಯಿಟ್‌ಗೆ ಊಟ ಸೇರಲಿಲ್ಲ. ಆ ಹೆಸರು ಬಿಟ್ಟರೆ ಅವನಿಗೆ ಇನ್ನೇನಿತ್ತು? ಹೆತ್ತವರು ನದಿಯ ನೆರೆಯಲ್ಲಿ ಕೊಚ್ಚಿಹೋದರೆಂದು ಹೇಳುತ್ತಿದ್ದ. ಮಕ್ಕಳು ಬೇಡವೆಂದವನೂ ಅವನೇ. ಹೆಂಡತಿ ಅತ್ತೂ ಅತ್ತೂ ಸುಮ್ಮನಾಗಿದ್ದಳು.

ಗುರುವಾರ ಮಧ್ಯಾಹ್ನ ಅವನ ಕಚೇರಿಗೆ ಒಬ್ಬ ಮುದುಕಿ ಬಂದಳು. ಬಣ್ಣ ಗೋಧಿ, ಆದರೆ ಬಂದದ್ದು ಹಿಂಬಾಗಿಲಿನಿಂದ, ಕರಿಯರ ಹಳೆಯ ರೂಢಿಯಂತೆ. ಕೈಯಲ್ಲಿ ಸಿಹಿಗೆಣಸಿನ ಪೈ ಇಟ್ಟ ತಟ್ಟೆ, ಮೇಲೆ ಬಟ್ಟೆ.

“ಸಾಹೇಬರಿಗೆ ಪುರುಸೊತ್ತಿಲ್ಲ. ನೀನು ಯಾರಮ್ಮ?” ಎಂದಳು ಕಾರ್ಯದರ್ಶಿ ಕೋರಾ.

“ಲುವೀನಿಯಾ ಅಂತ, ತಾಯಿ. ಓಡೆಲ್ ನನ್ನ ಮಗಳ ಮಗ. ಸಾಹೇಬರನ್ನ ಕೂಸಾಗಿದ್ದಾಗ ಎತ್ತಿ ಆಡಿಸಿದವಳು ಬಂದಿದ್ದಾಳೆ ಅನ್ನಿ, ಗೊತ್ತಾಗುತ್ತೆ.”

ಕೋರಾಳ ಮುಖ ಸಡಿಲವಾಯಿತು. ಅವಳನ್ನೂ ಬೆಳೆಸಿದ್ದು ಕರಿಯ ಆಯಾಳೇ.

“ಮೊಮ್ಮಗನ ವಿಷಯಾನಾ?”

“ಹೂಂ. ಕ್ವಾರ್ಟರ್‌ಬ್ಯಾಕ್ ಮಾಡದಿದ್ರೆ ಕಾಲೇಜೇ ಬೇಡ ಅಂತ ಪೆಟ್ಟಿಗೆ ಕಟ್ಟಿಟ್ಟಿದ್ದಾನೆ. ಕಾಲೇಜು ಬಿಟ್ರೆ ಸೈನ್ಯದವರು ಸುಮ್ನಿರ್ತಾರಾ? ಎಳ್ಕೊಂಡು ಹೋಗಿ ವಿಯೆಟ್ನಾಮಿಗೆ ಹಾಕ್ತಾರೆ. ಒಬ್ಬ ಮಗನ್ನ ಕಳಕೊಂಡಿದೀನಿ ತಾಯಿ. ಇವನ್ನೂ ಕಳಕೊಳ್ಳೋಕೆ ನನ್ನ ಕೈಲಾಗಲ್ಲ.”

“ಮಗ ಯುದ್ಧದಲ್ಲಿ ಹೋದನಾ?”

“ಇಲ್ಲ. ಕಾಲೇಜಿಗೆ ಅಂತ ಹೋದ. ಬರಲೇ ಇಲ್ಲ.”

ಕೋರಾ ಮುಂದೆ ಕೇಳಲಿಲ್ಲ. ಕರಿಯರ ಹುಡುಗರು ಮನೆಗೆ ಮರಳದಿದ್ದರೆ ಯಾಕೆಂದು ಕೇಳುವ ರೂಢಿ ಆ ಸೀಮೆಯಲ್ಲಿ ಇರಲಿಲ್ಲ. ಮುದುಕಿಯನ್ನು ಒಳಗೆ ಬಿಟ್ಟು, ಬಾಗಿಲನ್ನು ಅರ್ಧ ತೆರೆದೇ ಇಟ್ಟಳು.

ಅವಳನ್ನು ಕಂಡದ್ದೇ ಪ್ರೂಯಿಟ್ಟನ ಮುಖ ಕಪ್ಪಿಟ್ಟಿತು.

“ಇಲ್ಲಿಗ್ಯಾಕೆ ಬಂದೆ?”

“ಹುಡುಗ ಆಡಲಿ ಬಿಡಿ, ಸಾರ್.”

“ಆಡಬೇಡ ಅಂದವರ್ಯಾರು? ಓಡಲಿ, ಚೆಂಡು ಹಿಡೀಲಿ. ಎಸೆಯೋದು ಮಾತ್ರ ಬೇಡ.”

“ಅವನಿಗೆ ಬಂದಿರೋದೇ ಅದು. ದೇವರು ಕೊಟ್ಟ ಕೈನ ಎಲ್ಲಿ ಬಚ್ಚಿಡಲಿ?”

ಪ್ರೂಯಿಟ್ ಬಾಗಿಲಿನತ್ತ ನೋಡಿದ. “ಮೆಲ್ಲಗೆ ಮಾತಾಡು.”

“ನಾನು ಯಾವತ್ತು ಜೋರಾಗಿ ಮಾತಾಡಿದೀನಿ, ಸಾರ್?”

ಆಮೇಲೆ ಅವಳು ಮಾಡಿದ್ದನ್ನು ಕೋರಾ ಹೊರಗಿನಿಂದಲೇ ಕಂಡಳು. ಪೈಯನ್ನು ಮೇಜಿನ ಮೇಲಿಟ್ಟಳು. ಕುರ್ಚಿಯ ತೋಳು ಹಿಡಿದು, ನೋಯುವ ಮಂಡಿಗಳನ್ನು ಒಂದೊಂದಾಗಿ ನೆಲಕ್ಕೂರಿದಳು. ಎರಡೂ ಕೈಯಲ್ಲಿ ಅವನ ಬೂಟುಗಳನ್ನು ಹಿಡಿದುಕೊಂಡಳು.

“ಏಳು. ಮೊದಲು ಏಳು,” ಪ್ರೂಯಿಟ್ಟನ ದನಿ ಒಡೆಯಿತು.

“ಇದೊಂದು ನಡೆಸಿಕೊಡಿ. ಇನ್ನು ನಿಮ್ಮ ಹೊಸಿಲು ತುಳಿಯಲ್ಲ. ನಾನು ಸತ್ತರೂ ನಿಮಗೆ ಹೇಳಿಕಳಿಸಬೇಡ ಅಂತ ಮಗಳಿಗೆ ಹೇಳಿಟ್ಟಿದೀನಿ.”

ಎಂಥ ಕಲ್ಲೆದೆಯೂ ಕರಗುವ ಮಾತು. ಪ್ರೂಯಿಟ್ ಬೂಟು ಬಿಡಿಸಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ. ಕೊನೆಗೆ ಫೋನೆತ್ತಿದ.

“ಹಾಲ್ಕಂ, ಆ ಹುಡುಗನ್ನೇ ಆಡಿಸು. ಯಾಕೆ ಅಂತ ಕೇಳಬೇಡ.”

ಮುದುಕಿಯ ಕಡೆ ತಿರುಗದೆಯೇ ಹೇಳಿದ: “ಪತ್ರಿಕೆಯವರು ಮನೆಗೆ ಬಂದರೆ ಬಾಗಿಲು ಹಾಕ್ಕೊ. ಪ್ರೂಯಿಟ್ ಒಬ್ಬ ಮುದುಕಿಗೆ ಸೋತ ಅಂತ ಯಾರೂ ಬರೀಕೂಡದು.”

“ಹಾಕ್ಕೊಂಡೇ ಇದೀನಲ್ಲ,” ಎಂದು ಅವಳು ಹೊರಟಳು.

ಸ್ವಲ್ಪ ಹೊತ್ತಿನ ಮೇಲೆ ಕೋರಾ ಒಳಗೆ ಹೋದಾಗ ಪ್ರೂಯಿಟ್ ಪೈಯನ್ನು ಕೈಯಲ್ಲೇ ಮುರಿದು ತಿನ್ನುತ್ತಿದ್ದ. ಆಯಾಳ ಕೈರುಚಿ ಯಾರಿಗೆ ಮರೆಯುತ್ತದೆ ಎಂದುಕೊಂಡಳು.

ಶನಿವಾರ ಕ್ರೀಡಾಂಗಣ ಕಿಕ್ಕಿರಿದಿತ್ತು; ಗಣ್ಯರ ಸಾಲಿನಲ್ಲಿ ಪ್ರೂಯಿಟ್ ಬಂದು ಕೂತಿದ್ದ. ಓಡೆಲ್ ಹೊರಬಂದಾಗ ಬಿಳಿಯರ ಸಾಲುಗಳಿಂದ ಬೈಗುಳ ಸುರಿಯಿತು. ಬಾಟಲಿಯೊಂದು ಅವನ ಹೆಗಲಿಗೆ ತಾಗಿತು. ಲುವೀನಿಯಾ ತುದಿಯ ಸಾಲಿನಲ್ಲಿ ತನ್ನವರ ನಡುವೆ ಕಣ್ಣು ಮುಚ್ಚಿ ಕುಳಿತಿದ್ದಳು. ಆಮೇಲೆ ಹುಡುಗ ಮಣಿಕಟ್ಟು ತಿರುಗಿಸಿ ಎಸೆದ. ಚೆಂಡು ಮೈದಾನದ ಅರ್ಧ ದಾಟಿ, ಓಡುತ್ತಿದ್ದವನ ತೋಳಿಗೆ ಹೋಗಿ ಕುಳಿತಿತು. ಬೈಯುತ್ತಿದ್ದವರೇ ಎದ್ದು ನಿಂತರು.

ಧ್ವನಿವರ್ಧಕ ಕೂಗಿತು: ಕಾಲೇಜಿನ ಇತಿಹಾಸದಲ್ಲೇ ಮೊಟ್ಟಮೊದಲ ಕರಿಯ ಕ್ವಾರ್ಟರ್‌ಬ್ಯಾಕ್.

ಪಕ್ಕದವಳು ಲುವೀನಿಯಾಳ ಕೈ ಅದುಮಿದಳು. “ಕೇಳಿದೆಯಾ ಅಕ್ಕಾ? ಮೊದಲನೆಯವನಂತೆ, ನಿನ್ನ ಮೊಮ್ಮಗ. ಇನ್ನಾದರೂ ನಗು.”

ಲುವೀನಿಯಾ ನಗಲಿಲ್ಲ, ಕೆಳಗೆ ಬಿಳಿಯರ ಗಣ್ಯರ ಸಾಲಿನಲ್ಲಿ ಒಬ್ಬನೇ ಕೂತು ಅಳುತ್ತಿದ್ದ ಮೊದಲನೆಯವನನ್ನು, ತನ್ನ ಹಿರಿಯ ಮಗನನ್ನು, ನೋಡುತ್ತಿದ್ದಳು.