ವಲ್ಲಿಯ ಕೆಳಗೆ

ಕಡಲೆ ಚೀಲದ ವಾಸನೆ ಬಂದರೆ ಇಂದಿಗೂ ಅಪ್ಪನ ಹೆಗಲ ಮೇಲಿನ ವಸ್ತ್ರ, ಆ ವಲ್ಲಿ, ನೆನಪಾಗುತ್ತದೆ.

ಅಪ್ಪ ನರಗುಂದದಲ್ಲಿ ಕಾಳಿನ ವ್ಯಾಪಾರಿ. ಹೆಸರಾಂತ ಚಿತ್ರಗಳನ್ನು ಹರಾಜು ಹಾಕುವ ಬೋರ್ಡ್ ಆಟವನ್ನೂ ಮನೆಯಲ್ಲಿ ಪೇಟೆಯ ಪದ್ಧತಿಯಂತೆಯೇ ಆಡಿಸುತ್ತಿದ್ದರು. ವಲ್ಲಿಯ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ತಿಳಿಸಬೇಕು, ಉಳಿದವರಿಗೆ ಗೊತ್ತಾಗಬಾರದು.

ಹೆರಿಗೆಗೆ ಹೋದ ಅವ್ವ ಬರಿಗೈಯಲ್ಲಿ ಮನೆಗೆ ಬಂದ ಮೇಲೆ, ಒಂದು ಮಧ್ಯಾಹ್ನ ಅಪ್ಪ ಆಟ ಹೂಡಿದರು. ಬಾಣಂತಿಯ ಹಾಗೆ ಕಿವಿಗೆ ಬಟ್ಟೆ ಕಟ್ಟಿಕೊಂಡೇ ಅವ್ವ ಬಂದು ಕುಳಿತಳು. ಹರಾಜಿಗೆ ಬಂದದ್ದು ತಾಯಿಯ ತೊಡೆಯ ಮೇಲೆ ಕೂಸು ಮಲಗಿದ್ದ ಚಿತ್ರ.

“ಇದು ನನಗ ಇರ್ಲಿರಿ,” ಎಂದಳು ಅವ್ವ.

ಅಪ್ಪ ವಲ್ಲಿಯ ಕೆಳಗೆ ಅವಳ ಕೈ ಹಿಡಿದರು. ಬಹಳ ಹೊತ್ತು ವಲ್ಲಿ ಅಲುಗಲೇ ಇಲ್ಲ.

“ಅಪ್ಪಾ, ಎಷ್ಟಕ್ಕ ಹೋತು?” ಎಂದು ಕೇಳಿದೆ.

ವಲ್ಲಿಯ ಕೆಳಗೆ ಹಿಡಿದ ಅವ್ವನ ಕೈಯನ್ನು ಅಪ್ಪ ಬಿಡಲಿಲ್ಲ.