ಜಗಲಿಯ ಮೇಲಿನ ಎಲೆ

ಚಿಕ್ಕಸಿದ್ದಮ್ಮ ತಗಡಿನ ಪೆಟ್ಟಿಗೆಯನ್ನು ತಳದವರೆಗೂ ಜಾಲಾಡಿದಳು. ಮಗ ಸೋಮಯ್ಯನ ಗೆರೆ ಅಂಗಿ ಅಲ್ಲಿರಲಿಲ್ಲ. ನಡುಮನೆಯಲ್ಲಿ ಹಿರಿಯರ ಹಬ್ಬದ ಎಡೆಗೆ ಆಗಲೇ ಎರಡು ಎಲೆ ಹಾಸಿತ್ತು. ತೀರಿಹೋದ ಗಂಡನ ಎಲೆಯ ಮುಂದೆ ಅವನ ಪಂಚೆ, ಮೈದುನನ ಎಲೆಯ ಮುಂದೆ ಅವನ ರುಮಾಲು. ಮೂರನೆಯ ಎಲೆ ಇನ್ನೂ ಅವಳ ಕೈಯಲ್ಲೇ ಇತ್ತು.

“ಜವರೀ, ಅಂಗಿ ಎಲ್ಲವ್ವಾ?”

ಮೊಮ್ಮಗಳು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಒಂಬತ್ತು ವರ್ಷದ ಹುಡುಗಿ. ಅಂಗಿ ಅವಳ ಮೈಮೇಲಿತ್ತು. ತೋಳುಗಳು ಬೆರಳು ದಾಟಿ ಜೋಲುತ್ತಿದ್ದವು.

“ನಾ ಕೊಡಾಕಿಲ್ಲ. ಸತ್ತೋರ ಬಟ್ಟೆಯಲ್ವಾ ಅಲ್ಲಿ ಮಡಗೋದು? ನಮ್ಮಪ್ಪ ಸತ್ತವ್ನೆ ಅಂತ ಯಾರೇಳಿದ್ರು?”

ಯಾರೂ ಹೇಳಿರಲಿಲ್ಲ. ಪಾಕಿಸ್ತಾನದ ಗಡಿಯಲ್ಲಿದ್ದ ಅವನ ಪಲ್ಟನ್ನಿನಿಂದ ಹೋದ ವಾರ ಬಂದ ಕಾಗದದಲ್ಲಿ ‘ಪತ್ತೆಯಿಲ್ಲ’ ಎಂದಷ್ಟೇ ಇತ್ತು. ಪೋಸ್ಟ್‌ಮ್ಯಾನ್ ಅದನ್ನು ಎರಡು ಸಲ ಓದಿ, ಕೊಟ್ಟ ಮಜ್ಜಿಗೆಯನ್ನೂ ಮುಟ್ಟದೆ ಪಿರಿಯಾಪಟ್ಟಣದ ದಾರಿಗೆ ಸೈಕಲ್ ತಿರುಗಿಸಿದ್ದ. ಯುದ್ಧ ನಿಂತಿತೆಂದು ರೇಡಿಯೋದಲ್ಲಿ ಬಂದು ಎರಡು ದಿನವಾಗಿತ್ತು. ಸೊಸೆ ಚಾಮುಂಡಮ್ಮ ಆ ಕಾಗದ ಬಂದಂದಿನಿಂದ ಬಾಯಿ ಬಿಟ್ಟಿರಲಿಲ್ಲ. ಈಗಲೂ ಒಲೆಯ ಮುಂದೆ ಕೂತು ಸುಮ್ಮನೆ ಕಜ್ಜಾಯ ತಟ್ಟುತ್ತಿದ್ದಳು.

“ನೋಡು ಕೂಸೇ,” ಎಂದಳು ಅಜ್ಜಿ. “ಅವನೇನಾರ ಓಗಿದ್ರೆ, ಇವತ್ತು ನಿಮ್ಮ ತಾತನ ಜೊತೇಲೇ ಬಂದಿರ್ತಾನೆ. ಎಲ್ರಿಗೂ ಎಲೆ ಐತೆ, ನಂಗಿಲ್ವೇನವ್ವಾ ಅಂದ್ರೆ ಏನೇಳ್ಲಿ? ಅಸ್ಕೊಂಡು ಓಯ್ತಾನೆ ಕಣವ್ವಾ.”

“ಬದುಕಿದ್ರೆ? ಬದುಕಿರೋರ್ಗೆ ಎಡೆ ಇಕ್ಕಿದ್ರೆ ಏನಾಯ್ತದಜ್ಜಿ?”

ಬದುಕಿರುವವರಿಗೆ ಎಡೆ ಇಟ್ಟರೆ ಅವರ ಆಯಸ್ಸು ಅಲ್ಲಿಗೇ ಮುಗಿಯುತ್ತದೆಂದು ಮೊಮ್ಮಗಳಿಗೆ ಹೇಳಿಕೊಟ್ಟವಳು ಅಜ್ಜಿಯೇ.

“ನಮ್ಮಪ್ಪಂಗೂ ಇಕ್ಕು. ಆದ್ರೆ ಒಳಗಡೆ ಬ್ಯಾಡ, ಜಗಲಿ ಮ್ಯಾಲೆ ಇಕ್ಕು, ನಮ್ ಜೊತೆ,” ಎಂದಳು ಜವರಿ. “ನಮ್ಮಪ್ಪ ಎಂದಾರ ಬಾಗ್ಲು ಆಕ್ಕೊಂಡು ಉಂಡವ್ನಾ? ಬೀದಿಗೆಲ್ಲ ಕೇಳಂಗೆ ‘ಸಾರಿಗೆ ಉಪ್ಪಿಲ್ಲ’ ಅಂತ ಕೂಗ್ತಿರ್ನಿಲ್ವಾ?”

ಒಲೆಯ ಕಡೆಯಿಂದ ಚಾಮುಂಡಮ್ಮನ ದನಿ ಬಂತು.

“ಅತ್ತೆ, ಎಲೆ ಪಕ್ಕದಲ್ಲಿ ಒಂಚೂರು ಉಪ್ಪು ಮಡಗಿ.”

ಚಿಕ್ಕಸಿದ್ದಮ್ಮ ಕೈಲಿದ್ದ ಎಲೆಯನ್ನು ಜಗಲಿಗೆ ತಂದಳು. ಮುದ್ದೆ, ಕೋಳಿಸಾರು, ಎರಡು ಕಜ್ಜಾಯ, ತುದಿಯಲ್ಲಿ ಉಪ್ಪು. ಆಮೇಲೆ ಒಳಗಿನ ಎರಡು ಎಡೆಗಳಿಗೆ ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿದಳು. ಮೂವರೂ ಹೊರಗೆ ಕೂತರು.

ಹೆಂಚಿನ ಮೇಲಿಂದ ಒಂದು ಕಾಗೆ ಇಳಿಯಿತು. ಸತ್ತವರು ಕಾಗೆಯಾಗಿ ಬಂದು ತಿನ್ನುತ್ತಾರೆಂಬ ನಂಬಿಕೆ ಆ ಮನೆಯದು. ಹೋದ ವರ್ಷ ಗಂಡನ ಪಾಲಿನ ತುತ್ತು ಹಿಡಿದು, ‘ಕಾ ಕಾ’ ಎಂದು ಕೂಗಿ ಕೂಗಿ ಚಿಕ್ಕಸಿದ್ದಮ್ಮನ ಗಂಟಲು ಒಣಗಿತ್ತು. ಈಗ ಕಾಗೆ ಕರೆಯದೆಯೇ ಬಂದಿತ್ತು. ಕತ್ತು ಕೊಂಕಿಸಿ, ಕುಪ್ಪಳಿಸುತ್ತ ಜಗಲಿಯ ಎಲೆಯ ಹತ್ತಿರ ಬಂತು. ಜವರಿ ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡಳು.

ಚಿಕ್ಕಸಿದ್ದಮ್ಮ ಊರುಗೋಲನ್ನು ಎತ್ತಿ ಬೀಸಿದಳು.

“ಓಗ್ಲಾ ಆಚೆಗೆ! ಉಣ್ಣೋನು ಇನ್ನೂ ಬರ್ಬೇಕು!”