ಖಾಲಿ ದಂಡೆಯ ಚಿತ್ರ

ಮೊದಲ ಏಟು ಕಿವಿಗೇ ಬಿತ್ತು. ರುಕ್ಮಯ್ಯ ಬಣ್ಣದ ಡಬ್ಬಿಗಳ ಮೇಲೆ ಉರುಳಿದ. ಬೆಳುವಾಯಿಯ ನಾಟಕದವರಿಗೆಂದು ಬರೆದು ಒಣಗಲು ಹಾಕಿದ್ದ ಅರಮನೆಯ ಪರದೆಯ ಮೇಲೆ ನೀಲಿ ಚೆಲ್ಲಿ ಹರಿಯಿತು.

"ಯಾರು ಬರೆದದ್ದು ಇದು?" ಲೋಕನಾಥ ಕೇಳಿದ. ಅವನ ಕೈಯಲ್ಲೊಂದು ಹಾಳೆಯಿತ್ತು. ಅಂಗಡಿಯ ಮೂಲೆಯ ಹಳೆ ಪರದೆಗಳ ಸುರುಳಿಯೊಳಗಿಂದ ಈಗಷ್ಟೇ ಎಳೆದು ತೆಗೆದದ್ದು.

ನೀರುಬಣ್ಣದ ಚಿತ್ರ. ಬೆಳಗಿನ ಹೊತ್ತಿನ ನೇತ್ರಾವತಿ. ಮುಂದೆ ಕೇದಗೆಯ ಪೊದೆ, ಅದರಾಚೆ ದಂಡೆಗೆ ಕಟ್ಟಿದ ದೋಣಿ. ಕೆಳಗಿನ ಮೂಲೆ ಅರ್ಧಕ್ಕೇ ನಿಂತಿತ್ತು. ಸಹಿ ಇರಲಿಲ್ಲ.

ಸಹಿ ಯಾಕೆ ಬೇಕು? ಹೊಳೆಯ ನೀರಿಗೆ ಅಂಥ ಬೆಳಕು ತರುವ ಕೈ ಪಾಣೆಮಂಗಳೂರಿನಲ್ಲಿ ಒಂದೇ ಇತ್ತು. ಅದು ತನ್ನದಲ್ಲ ಎಂಬುದು ರುಕ್ಮಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಕಲಿಸಿದವನಿಗೇ ಹೊಟ್ಟೆಕಿಚ್ಚಾಗಬೇಕು, ಹಾಗಿತ್ತು ಚಿತ್ರ. ಬರೆದವನು ಅವನ ಶಿಷ್ಯ ಅಬ್ದುಲ್ ಹಕೀಂ. ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ.

"ನನ್ನದು," ಎಂದ ರುಕ್ಮಯ್ಯ.

ಆ ಸುಳ್ಳು ತನ್ನನ್ನು ಎಲ್ಲಿಗೆ ಮುಟ್ಟಿಸುತ್ತದೆಂದು ಅವನಿಗೆ ತಿಳಿದಿತ್ತು. ದೋಣಿ ಶೀನಪ್ಪ ಧಣಿಯದು, ಹೊಚ್ಚ ಹೊಸತು. ಅದು ನೀರಿಗಿಳಿದ ಬೆಳಿಗ್ಗೆಯೇ ಧಣಿಯ ಕುತ್ತಿಗೆಗೆ ಹಿಂದಿನಿಂದ ಕತ್ತಿ ಬಿತ್ತು. ಮಧ್ಯಾಹ್ನದೊಳಗೆ ಪೊಲೀಸರು ಹೆಣವನ್ನೂ ದೋಣಿಯನ್ನೂ ಒಟ್ಟಿಗೇ ಸಾಗಿಸಿದ್ದರು. ಆ ದೋಣಿಯನ್ನು ನೀರಿನ ಮೇಲೆ ಕಂಡು ಬರೆದವನು ಕೊಲೆಯ ಹೊತ್ತಿಗೆ ಅಲ್ಲೇ ಇದ್ದನೆಂದಾಯಿತು. ಬಡವನ ಕುತ್ತಿಗೆಗೆ ನೇಣು ಬಿಗಿಯಲು ಅಷ್ಟು ಸಾಕು.

ಲೋಕನಾಥ ಸತ್ತವನ ಸೋದರಳಿಯ. ಆಸ್ತಿ ಸೋದರಳಿಯನಿಗೇ ಇಳಿಯುವ ಅಳಿಯಕಟ್ಟಿನ ಮನೆತನ; ಮಾವನ ಗದ್ದೆ, ಮನೆ, ಯಜಮಾನಿಕೆ ಎಲ್ಲ ಈಗ ಅವನ ಹೆಗಲಿಗೇ ಬಂದಿತ್ತು, ಜೊತೆಗೆ ಸೇಡು ತೀರಿಸುವ ಭಾರವೂ. ಹೆಣದ ಮೇಲೆ ಬಿದ್ದು ಅವನು ಗೋಳಾಡಿದ್ದನ್ನು ಊರೇ ನೋಡಿತ್ತು. ಹಾಗಾಗಿ ಏಟು ತಿನ್ನುತ್ತಿದ್ದರೂ ರುಕ್ಮಯ್ಯನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಪಾಪ, ಸಂಕಟಕ್ಕೆ ತಲೆಕೆಟ್ಟಿದೆ ಎಂದುಕೊಂಡ.

"ನಿನ್ನದಾ? ಹಾಗಾದರೆ ಹಕ್ಕಿ ಎಲ್ಲುಂಟು?" ಲೋಕನಾಥ ಹಾಳೆಯನ್ನು ಅವನ ಮೂಗಿಗೆ ಹಿಡಿದ. "ನೀನು ಕಾಡು ಬರೆದರೆ ಜಿಂಕೆ, ಕೆರೆ ಬರೆದರೆ ಕೊಕ್ಕರೆ. ಇದರಲ್ಲಿ ಒಂದು ಕಾಗೆಯೂ ಇಲ್ಲವಲ್ಲ ಮಾರಾಯ!"

ಸಿಕ್ಕಿಬಿದ್ದೆನೆಂದು ರುಕ್ಮಯ್ಯನಿಗೆ ಗೊತ್ತಾಯಿತು. ಆ ಅಂಗಡಿಯಲ್ಲಿ ಕೆಲಸ ಮೊದಲಿಂದಲೂ ಪಾಲಾಗಿತ್ತು. ಜೀವ ಇರುವುದನ್ನು ಬರೆಯಬಾರದೆಂದು ಹಕೀಂನ ತಾಯಿ ಖದೀಜ ಮಗನಿಂದ ಮಾತು ತೆಗೆದುಕೊಂಡಿದ್ದಳು. ನೀರು, ಮರ, ಮೋಡ ಹಕೀಂನದು. ರಾಜ, ರಾಣಿ, ನವಿಲು ರುಕ್ಮಯ್ಯನದು. ಹಕೀಂ ಬರೆದ ಹಟ್ಟಿಯಲ್ಲಿ ದನಗಳೆಲ್ಲ ಮೇಯಲು ಹೋಗಿರುತ್ತವೆ ಎಂದು ಪೇಟೆಯವರು ನಗಾಡುತ್ತಿದ್ದರು.

"ಅವಸರದಲ್ಲಿ ಬಿಟ್ಟುಹೋಯಿತು ಧಣಿ."

ಲೋಕನಾಥ ಅವನ ಬಲಗೈಯನ್ನು ಮೆಟ್ಟಿ ನಿಂತ. ಬೆರಳುಗಳು ಲಟಕ್ಕೆಂದವು. ರುಕ್ಮಯ್ಯನ ಕೂಗು ಸೇತುವೆಯ ತನಕ ಕೇಳಿತು.

"ಈಗ ಹೇಳು."

"ನನ್ನದೇ."

ಇನ್ನೊಮ್ಮೆ ಮೆಟ್ಟಿದ. ರುಕ್ಮಯ್ಯ ಮಾತು ಬದಲಿಸಲಿಲ್ಲ. ಹಾಳಾದ ಹುಡುಗ, ಕೋಳಿ ಕೊಯ್ಯುವಲ್ಲಿ ನಿಲ್ಲಲಾಗದೆ ಓಡುವವನು, ಮನುಷ್ಯನನ್ನು ಕಡಿಯುತ್ತಾನೆಯೇ? ಆದರೆ ಕೊಲೆಯಾದ ದಿನದಿಂದ ಅವನ ಬಾಯಿಗೆ ಬೀಗ ಬಿದ್ದದ್ದಂತೂ ನಿಜ. ಕೇಳಿದರೆ ನೆಲ ನೋಡುತ್ತಿದ್ದ. ಖದೀಜಳ ಗುಡಿಸಲು ಧಣಿಯ ಜಾಗದಲ್ಲಿತ್ತು. ಅವಳನ್ನು ಒಕ್ಕಲೆಬ್ಬಿಸುತ್ತೇನೆಂದು ಶೀನಪ್ಪ ಹಿಂದೊಮ್ಮೆ ಗದರಿದ್ದನ್ನು ಲೋಕನಾಥ ಈಗ ಊರಿಡೀ ಹೇಳುತ್ತ ತಿರುಗುತ್ತಿದ್ದ.

ಬಾಗಿಲಲ್ಲಿ ಗದ್ದಲವಾಯಿತು. ಲೋಕನಾಥನ ಆಳುಗಳು ಹಕೀಂನ ಕೈಕಟ್ಟಿ ಎಳೆದು ತಂದರು. ಅವನ ತುಟಿ ಒಡೆದು ಅಂಗಿಯೆಲ್ಲ ರಕ್ತ. ಹಿಂದೆಯೇ ಇನ್‌ಸ್ಪೆಕ್ಟರ್ ಬಂದರು. ಲೋಕನಾಥನೇ ಹೇಳಿ ಕಳಿಸಿದ್ದ.

ಹಕೀಂ ಗುರುವಿನ ಕೈ ನೋಡಿದ. ಊದಿಕೊಂಡು ನೀಲಿಗಟ್ಟಿತ್ತು.

"ಮಾಸ್ಟ್ರನ್ನು ಬಿಡಿ," ಎಂದ. "ಆ ಚಿತ್ರ ನಾನು ಬರೆದದ್ದು."

"ಸುಳ್ಳು!" ರುಕ್ಮಯ್ಯ ಅರಚಿದ. "ಸುಳ್ಳು ಸಾರ್, ಅವನಿಗೆ ಏನೂ ಗೊತ್ತಿಲ್ಲ!" ಬೆರಳು ಮುರಿದಾಗ ಬಾರದ ಕಣ್ಣೀರು ಈಗ ದಳದಳನೆ ಇಳಿಯಿತು. ತಾನು ಕಲಿಸಿದ ವಿದ್ಯೆಯೇ ಹುಡುಗನನ್ನು ಗಲ್ಲಿಗೇರಿಸಿತಲ್ಲ!

ಲೋಕನಾಥನ ಮುಖ ಅರಳಿತು. "ಒಪ್ಪಿದ, ನೋಡಿ ಸಾರ್. ಒಪ್ಪದಿದ್ದರೂ ನಾನು ತೋರಿಸಿಕೊಡುತ್ತಿದ್ದೆ. ಜೀವ ಇರುವುದನ್ನು ಇವ ಬರೆಯುವುದೇ ಇಲ್ಲ, ಇಡೀ ಪೇಟೆಗೆ ಗೊತ್ತುಂಟು. ದೋಣಿ ನೀರಿನಲ್ಲಿದ್ದದ್ದು ಅದೊಂದೇ ಬೆಳಿಗ್ಗೆ. ಕೇದಗೆಯ ಹಿಂದೆ ಹೊಂಚಿ ಕೂತಿದ್ದಾನೆ. ಚಿತ್ರವನ್ನೂ ಮುಗಿಸದೆ ಎದ್ದಿದ್ದಾನೆ. ಇನ್ನೇನು ಸಾಕ್ಷಿ ಬೇಕು?"

ಇನ್‌ಸ್ಪೆಕ್ಟರ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಆ ಬೆಳಿಗ್ಗೆ ನೀನು ಅಲ್ಲಿದ್ದೆಯಾ?"

"ಇದ್ದೆ ಸಾರ್."

"ಕಣ್ಣಾರೆ ನೋಡಿ ಬರೆದದ್ದಾ?"

"ಹೌದು ಸಾರ್."

"ಕೇಳಿದಿರಲ್ಲ?" ಲೋಕನಾಥ ಆಳುಗಳತ್ತ ತಿರುಗಿದ. "ಎಲ್ಲರೂ ಕೇಳಿದಿರಲ್ಲ? ಅಲ್ಲಿದ್ದದ್ದು ಇವನೇ!"

ಇನ್‌ಸ್ಪೆಕ್ಟರ್ ಚಿತ್ರದ ಮೇಲೆ ಬೆರಳಿಟ್ಟರು. "ದಂಡೆ ಖಾಲಿ ಉಂಟಲ್ಲ ಹುಡುಗ. ಬೇರೆ ಯಾರೂ ಇರಲಿಲ್ಲವಾ?"

ಹಕೀಂ ಇನ್ನೊಮ್ಮೆ ಮಾಸ್ಟ್ರ ಕೈ ನೋಡಿದ. ಆಮೇಲೆ, ಅಷ್ಟು ದಿನದಲ್ಲಿ ಮೊದಲ ಸಲ, ತಲೆಯೆತ್ತಿದ.

"ಇಬ್ಬರಿದ್ದರು ಸಾರ್, ಜೀವ ಇರುವವರನ್ನು ಬರೆಯುವುದಿಲ್ಲವೆಂದು ಬಿಟ್ಟೆ: ದೋಣಿಯಲ್ಲಿ ಕೂತ ಶೀನಪ್ಪ ಧಣಿ, ಅವರ ಬೆನ್ನ ಹಿಂದೆ ಕತ್ತಿ ಎತ್ತಿ ನಿಂತ ಈ ಲೋಕನಾಥ ಧಣಿ."